ರಾಯಚೂರಿನ ಬಿಸಿಲಿನಲ್ಲಿ ಲ್ಯುಕೇಮಿಯಾ ಸೆಲ್ ಲೈನ್: ಆಯ್ಕೆಯಿಂದ ಮೊದಲ ಪ್ರಯೋಗದವರೆಗೆ ಸಮಗ್ರ ಮಾರ್ಗದರ್ಶಿ

ಸೆಲ್ ಲೈನ್, ಅಂದರೆ ರೋಗಿಯಿಂದ ತೆಗೆದು ಪ್ರಯೋಗಾಲಯದಲ್ಲಿ ನಿರಂತರ ಬೆಳೆಸುವ ಕೋಶಸಂತತಿ, ಬೆಳೆಸುವ ಕೈಪಿಡಿಗಳೆಲ್ಲ ಕೊಠಡಿಯ ಉಷ್ಣತೆ 22 ಡಿಗ್ರಿ ಎಂದು ಭಾವಿಸಿಕೊಂಡೇ ಬರೆದಂಥವು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು, ಬಳ್ಳಾರಿ, ಕೊಪ್ಪಳಗಳಲ್ಲಿ ಆ ಕೈಪಿಡಿ ಹಿಡಿದು ಕುಳಿತರೆ ಎರಡನೆಯ ಪುಟದಲ್ಲೇ ತೊಡಕು ಶುರುವಾಗುತ್ತದೆ. ನಮ್ಮ ಭಾಗದ ವೈದ್ಯಕೀಯ ಕಾಲೇಜುಗಳಲ್ಲಿ, ವಿಶ್ವವಿದ್ಯಾಲಯದ ಜೀವವಿಜ್ಞಾನ ವಿಭಾಗಗಳಲ್ಲಿ ತೀವ್ರ ರಕ್ತಕ್ಯಾನ್ಸರಿನ (ಲ್ಯುಕೇಮಿಯಾ) ಮೂಲವನ್ನು ಅಭ್ಯಾಸ ಮಾಡಬೇಕೆಂದಿರುವ ಸ್ನಾತಕೋತ್ತರ ಮತ್ತು ಪಿಎಚ್‌ಡಿ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಬಯೋಸೇಫ್ಟಿ ಕ್ಯಾಬಿನೆಟ್, ಇನ್‌ಕ್ಯುಬೇಟರ್, ಸೂಕ್ಷ್ಮದರ್ಶಕ, ಸೆಂಟ್ರಿಫ್ಯೂಜ್, ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಯಂತ್ರ ಇವಿಷ್ಟಿದ್ದರೆ ಇಲ್ಲಿ ಹೇಳುವ ಬಹುಪಾಲು ಕೆಲಸ ಸಾಧ್ಯ.

ಮೊದಲು ಪ್ರಶ್ನೆ, ಆಮೇಲೆ ಕೋಶ

ಹೆಚ್ಚಿನವರು ತಿರುಗುಮುರುಗಾಗಿ ಹೊರಡುತ್ತಾರೆ. ಪಕ್ಕದ ಪ್ರಯೋಗಾಲಯದಲ್ಲಿ ಕೆ562 ಎಂಬ ಸೆಲ್ ಲೈನ್ ಇದೆ, ಕೇಳಿದರೆ ಒಂದು ಫ್ಲಾಸ್ಕ್ ಕೊಡುತ್ತಾರೆ, ಹಾಗಾಗಿ ಪ್ರಬಂಧ ಕೆ562 ಮೇಲೆ. ಹೀಗೆ ಹುಟ್ಟಿದ ಸಂಶೋಧನೆಗೆ ‘ತೀವ್ರ ಲ್ಯುಕೇಮಿಯಾದ ಮೂಲ’ ಎಂಬ ಶೀರ್ಷಿಕೆ ಹೊಂದುವುದಿಲ್ಲ. ಕೆ562 ಬಂದದ್ದು 53 ವರ್ಷದ ಮಹಿಳೆಯ ಎದೆಗೂಡಿನ ದ್ರವದಿಂದ, 1970ರಲ್ಲಿ. ಆಕೆಗಿದ್ದದ್ದು ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ, ಅದೂ ಎಳೆಯ ಕೋಶಗಳು ತುಂಬಿಕೊಳ್ಳುವ ಕೊನೆಯ ಬ್ಲಾಸ್ಟ್ ಹಂತದಲ್ಲಿ. ಎರಡು ಜೀನುಗಳು ಬೆಸೆದು ಆ ಕಾಯಿಲೆಗೆ ಕಾರಣವಾಗುವ ಬಿಸಿಆರ್-ಎಬಿಎಲ್ ಜೀನಿನ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಕೋಶ ಸಿಗುವುದು ಕಷ್ಟ. ಆದರೆ ತೀವ್ರ ಮೈಲಾಯ್ಡ್ ಲ್ಯುಕೇಮಿಯಾದ ಹುಟ್ಟಿನ ಬಗ್ಗೆ ಅದು ಹೇಳುವುದು ಕಡಿಮೆ.

ಯಾವ ಸೆಲ್ ಲೈನ್ ಆದರೂ ಕಾಯಿಲೆಯ ಕೊನೆಯ ಅಧ್ಯಾಯ ಎಂಬುದನ್ನು ಮರೆಯಬಾರದು. ಮೊದಲ ಏಟು, ಅಂದರೆ ಜೀನಿನ ಮೊದಲ ರೂಪಾಂತರ, ಬಿದ್ದದ್ದು ಯಾವಾಗಲೋ. ಅದರ ಮೇಲೆ ಎರಡನೆಯ, ಮೂರನೆಯ ರೂಪಾಂತರಗಳು ಸೇರಿದವು, ಹಲವು ರೋಗಿಗಳಲ್ಲಿ ಕೀಮೋಥೆರಪಿ ನಡೆಯಿತು, ಕಾಯಿಲೆ ಮರುಕಳಿಸಿತು, ಆಮೇಲೆ ಪ್ಲಾಸ್ಟಿಕ್ ಫ್ಲಾಸ್ಕಿನಲ್ಲಿ ದಶಕಗಳ ವಾಸ. ಇಷ್ಟೆಲ್ಲ ದಾಟಿ ಉಳಿದದ್ದೇ ನಮ್ಮ ಕೈಗೆ ಬರುವ ಕೋಶ. ಎಚ್‌ಎಲ್-60 ಕೋಶದಲ್ಲಿ ಬೆಳವಣಿಗೆಗೆ ಕಡಿವಾಣ ಹಾಕುವ ಪಿ53 ಜೀನೇ ಇಲ್ಲ, ಬೆಳವಣಿಗೆಯನ್ನು ತಳ್ಳುವ ಮಿಕ್ ಜೀನಿನ ಪ್ರತಿಗಳು ಹಲವು ಪಟ್ಟು ಹೆಚ್ಚಿವೆ, ಎನ್‌ರಾಸ್ ಜೀನ್ ಬದಲಾಗಿದೆ. ಇವುಗಳಲ್ಲಿ ಮೊದಲು ಬಂದದ್ದು ಯಾವುದು, ಆಮೇಲೆ ಸೇರಿದ್ದು ಯಾವುದು ಎಂದು ಆ ಕೋಶವನ್ನೇ ನೋಡಿ ಹೇಳಲಾಗದು.

ಆದ್ದರಿಂದ ‘ಲ್ಯುಕೇಮಿಯಾ ಹೇಗೆ ಹುಟ್ಟುತ್ತದೆ’ ಎಂದು ಕೇಳುವ ಬದಲು ‘ಈ ಒಂದು ಜೀನ್ ಸಮ್ಮಿಳನವನ್ನು (ಎರಡು ಜೀನುಗಳ ಬೆಸುಗೆಯನ್ನು) ತಡೆದರೆ ಕೋಶ ಏನು ಮಾಡುತ್ತದೆ’ ಎಂದು ಕೇಳಿ. ಸೆಲ್ ಲೈನ್ ಅದಕ್ಕೆ ಉತ್ತರ ಕೊಡಬಲ್ಲದು.

ಯಾವ ಪ್ರಶ್ನೆಗೆ ಯಾವ ಕೋಶ

ಕೋಶ ಬಲಿಯುವುದನ್ನು ತಡೆಯುವ ಸಮ್ಮಿಳನ ಜೀನ್ ನಿಮ್ಮ ವಿಷಯವಾದರೆ ಎನ್‌ಬಿ4 ತೆಗೆದುಕೊಳ್ಳಿ. ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ ಮರುಕಳಿಸಿದ್ದ 23 ವರ್ಷದ ಯುವತಿಯಿಂದ 1989ರಲ್ಲಿ ಬಂದ ಈ ಕೋಶದಲ್ಲಿ 15 ಮತ್ತು 17ನೆಯ ವರ್ಣತಂತುಗಳ ಅದಲುಬದಲಿನಿಂದಾದ ಪಿಎಂಎಲ್-ಆರ್‌ಎಆರ್‌ಎ ಇದೆ. ಎಚ್‌ಎಲ್-60 ಕೋಶವನ್ನೂ ಮೊದಲು ಇದೇ ಕಾಯಿಲೆಯದೆಂದು ವರ್ಣಿಸಿದ್ದರು. ಅದರಲ್ಲಿ ಈ ಸಮ್ಮಿಳನ ಇಲ್ಲವೇ ಇಲ್ಲ. ಇಂದಿಗೂ ಅದನ್ನು ಪ್ರೊಮೈಲೊಸೈಟಿಕ್ ಲ್ಯುಕೇಮಿಯಾದ ಮಾದರಿ ಎಂದು ಬರೆಯುವವರಿದ್ದಾರೆ; ನೀವು ಆ ಸಾಲಿಗೆ ಸೇರಬೇಡಿ.

8 ಮತ್ತು 21ನೆಯ ವರ್ಣತಂತುಗಳ ಅದಲುಬದಲಿಗೆ ಕಸುಮಿ-1 ಇದೆ. ಮೂಲ ರೋಗಿ 7 ವರ್ಷದ ಬಾಲಕ. ಇದರಲ್ಲಿ ರನ್ಎಕ್ಸ್1-ರನ್ಎಕ್ಸ್1ಟಿ1 ಜೊತೆಗೆ ಕಿಟ್ ಜೀನಿನ ರೂಪಾಂತರವೂ ಇರುವುದರಿಂದ ಮೊದಲ ಏಟು ಮತ್ತು ಸಹಾಯಕ ಏಟಿನ ಜೋಡಿಯನ್ನು ಒಂದೇ ಕಡೆ ನೋಡಬಹುದು. ಈ ಸಮ್ಮಿಳನವನ್ನು ಕಿರು ಆರ್‌ಎನ್‌ಎ ಬಳಸಿ ಅಡಗಿಸಿದಾಗ ಕೋಶಗಳ ಬೆಳವಣಿಗೆ ಕುಗ್ಗಿ, ಬಲಿಯುವ ಸಾಮರ್ಥ್ಯ ಮರಳುತ್ತದೆ.

ಕೆಎಂಟಿ2ಎ ಜೀನ್ ಬೇರೊಂದು ಜೀನಿನೊಡನೆ ಬೆಸೆದಿರುವ ಗುಂಪಿನಲ್ಲಿ ಆಯ್ಕೆ ಹೆಚ್ಚು. ಟಿಎಚ್‌ಪಿ-1 ಒಂದು ವರ್ಷದ ಗಂಡುಮಗುವಿನದು, ಅದರಲ್ಲಿ ಕೆಎಂಟಿ2ಎ-ಎಂಎಲ್‌ಎಲ್‌ಟಿ3 ಇದೆ. ಎಂವಿ4-11 ಮತ್ತು ಎಸ್‌ಇಎಂ ಎರಡರಲ್ಲೂ 4 ಮತ್ತು 11ನೆಯ ವರ್ಣತಂತುಗಳ ಅದಲುಬದಲು ಇದೆ. ಆದರೆ ಮೊದಲನೆಯದು ಮಾನೊಸೈಟ್ ದಾರಿಯದು, ಎರಡನೆಯದು ಬಿ ಲಿಂಫಾಯ್ಡ್ ದಾರಿಯದು. ಒಂದೇ ಜೀನ್ ಜೋಡಿ ಎರಡು ಬೇರೆ ವಂಶದ ಕಾಯಿಲೆಗೆ ಕಾರಣವಾಗುವುದು ಹೇಗೆ ಎಂಬುದು ಪಿಎಚ್‌ಡಿಗೆ ಸಾಕಾಗುವಷ್ಟು ದೊಡ್ಡ ಪ್ರಶ್ನೆ.

ಮಕ್ಕಳ ಬಿ ಲಿಂಫೊಬ್ಲಾಸ್ಟಿಕ್ ಲ್ಯುಕೇಮಿಯಾಕ್ಕೆ ಆರ್‌ಇಎಚ್. ಇದರಲ್ಲಿರುವ ಇಟಿವಿ6-ರನ್ಎಕ್ಸ್1 ಸಮ್ಮಿಳನದ ಕಥೆ ಸ್ವಾರಸ್ಯಕರ. ಬ್ರಿಟನ್ನಿನ ಕ್ಯಾನ್ಸರ್ ಸಂಶೋಧಕ ಮೆಲ್ ಗ್ರೀವ್ಸ್ ಅವರ ತಂಡ ಅವಳಿಗಳನ್ನೂ, ನವಜಾತ ಶಿಶುಗಳ ಹಿಮ್ಮಡಿಯಿಂದ ತೆಗೆದು ಕಾಗದದ ಮೇಲೆ ಒಣಗಿಸಿಟ್ಟಿದ್ದ ರಕ್ತದ ಕಲೆಗಳನ್ನೂ ಪರೀಕ್ಷಿಸಿ, ಮುಂದೆ ಕಾಯಿಲೆಗೆ ತುತ್ತಾದ ಮಕ್ಕಳಲ್ಲಿ ಇಂಥ ಸಮ್ಮಿಳನ ಹುಟ್ಟುವಾಗಲೇ ಇತ್ತೆಂದು ತೋರಿಸಿತು. 2002ರಲ್ಲಿ ಪ್ರಕಟವಾದ ಹೊಕ್ಕುಳಬಳ್ಳಿ ರಕ್ತದ ಅಧ್ಯಯನದಲ್ಲಿ ಸುಮಾರು 1 ಶೇಕಡ ಶಿಶುಗಳಲ್ಲಿ ಅದು ಕಂಡಿತು. ಕಾಯಿಲೆ ಬರುವುದು ಅವರಲ್ಲಿ ತೀರಾ ಕೆಲವರಿಗೆ. ಅಂದರೆ ಮೊದಲ ಏಟು ಗರ್ಭದಲ್ಲೇ ಬೀಳುತ್ತದೆ, ಅದೊಂದೇ ಸಾಲುವುದಿಲ್ಲ. ಆರ್‌ಇಎಚ್ ಕೋಶದಲ್ಲಾದರೋ ಎಲ್ಲ ಏಟುಗಳೂ ಬಿದ್ದು ಮುಗಿದಿವೆ.

ಟಿ ಲಿಂಫೊಬ್ಲಾಸ್ಟಿಕ್ ಬಗೆಗೆ ಜರ್ಕಾಟ್, ಮೋಲ್ಟ್-4, ಸಿಸಿಆರ್‌ಎಫ್-ಸಿಇಎಂ ಇವೆ. ಜರ್ಕಾಟ್‌ನಲ್ಲಿ ಟಾಲ್1 ಜೀನಿನ ಮುಂದೆ ಡಿಎನ್‌ಎಯ ಹನ್ನೆರಡು ಅಕ್ಷರ ಹೊಸದಾಗಿ ಸೇರಿಕೊಂಡು, ಇಲ್ಲದ ಜಾಗದಲ್ಲಿ ಒಂದು ನಿಯಂತ್ರಕವನ್ನು ಹುಟ್ಟಿಸಿವೆ. ಜೀನ್ ಕೆಡದೆ, ಅದರ ಸ್ವಿಚ್ ಮಾತ್ರ ಕೆಟ್ಟರೂ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಇಷ್ಟು ಚೊಕ್ಕ ಉದಾಹರಣೆ ಇನ್ನೊಂದು ನನಗೆ ತೋಚುವುದಿಲ್ಲ.

ಹೊಸ ಪ್ರಯೋಗಾಲಯಕ್ಕೆ ನನ್ನ ಸಲಹೆ: ಎನ್‌ಬಿ4, ಎಚ್‌ಎಲ್-60, ಕೆ562 ಈ ಮೂರರಿಂದ ಆರಂಭಿಸಿ. ಕಸುಮಿ-1 ಮಂದಗತಿಯ ಕೋಶ, ಬೆಳೆಸುವ ದ್ರವದಲ್ಲಿ 20 ಶೇಕಡ ಸೀರಂ ಕೇಳುತ್ತದೆ. ಕೈ ಪಳಗುವ ಮೊದಲು ಅದು ಬೇಡ.

ಎಲ್ಲಿಂದ ತರುವುದು, ಹೇಗೆ ತರುವುದು

ಎಚ್‌ಎಲ್-60, ಕೆ562ರಂಥ ಸಾಮಾನ್ಯ ಸೆಲ್ ಲೈನ್‌ಗಳಿಗೆ ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಭಂಡಾರವೇ ನಮಗೆ ಸಹಜ ಆಯ್ಕೆ. ಅಲ್ಲಿ ಸಿಗದ್ದನ್ನು ಜರ್ಮನಿಯ ಡಿಎಸ್‌ಎಂಜೆಡ್ ಅಥವಾ ಅಮೆರಿಕದ ಎಟಿಸಿಸಿಯಿಂದ ತರಿಸಬೇಕು, ಅದಕ್ಕೆ ಖರ್ಚೂ ಕಾಗದಪತ್ರವೂ ಹೆಚ್ಚು. ಸ್ನೇಹಿತರ ಪ್ರಯೋಗಾಲಯದಿಂದ ತರುವುದನ್ನು ನಾನು ಒಪ್ಪುವುದಿಲ್ಲ. ಪುಕ್ಕಟೆ ಫ್ಲಾಸ್ಕಿನ ಬೆಲೆ ಮೂರು ವರ್ಷದ ನಂತರ ತಿಳಿಯುತ್ತದೆ.

ಆದೇಶ ಕೊಡುವ ಮೊದಲು ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಗೆ ಅರ್ಜಿ ಹೋಗಲಿ. ಮನುಷ್ಯರ ಕೋಶಗಳೆಲ್ಲವನ್ನೂ ಎರಡನೆಯ ಹಂತದ ಜೈವಿಕ ಸುರಕ್ಷತೆಯಲ್ಲೇ ನಿರ್ವಹಿಸಿ. ಜೀನ್ ತಿದ್ದುವ ಅಥವಾ ವೈರಸ್ ವಾಹಕ ಬಳಸುವ ಉದ್ದೇಶವಿದ್ದರೆ ಅದನ್ನೂ ಅರ್ಜಿಯಲ್ಲೇ ನಮೂದಿಸಿ.

ಇನ್ನು ಸಾಗಣೆ. ಜೀವಂತ ಕೋಶಗಳನ್ನು ಬಾಯಿತನಕ ಮಾಧ್ಯಮ (ಕೋಶಗಳಿಗೆ ಆಹಾರವಾಗುವ ದ್ರವ) ತುಂಬಿದ ಫ್ಲಾಸ್ಕಿನಲ್ಲಿ ಕಳುಹಿಸುವುದುಂಟು. 20ರಿಂದ 25 ಡಿಗ್ರಿಯಲ್ಲಿ ಅವು ಒಂದೆರಡು ದಿನ ತಾಳುತ್ತವೆ. ಬಿಸಿಲಲ್ಲಿ ನಿಂತ ಕೊರಿಯರ್ ವಾಹನದ ಒಳಗಿನ ಉಷ್ಣತೆಯನ್ನು ತಾಳುವುದಿಲ್ಲ. ಪುಣೆಯಿಂದ ಸೊಲ್ಲಾಪುರ, ಕಲಬುರಗಿ, ವಾಡಿ ಮಾರ್ಗವಾಗಿ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ರಾಯಚೂರಿನಲ್ಲಿ ನಿಲ್ಲುತ್ತದೆ. ಮಾರ್ಚ್‌ನಿಂದ ಜೂನ್ ನಡುವೆ ತರಲೇಬೇಕಾಗಿ ಬಂದರೆ, ಭಂಡಾರದ ನಿಯಮ ಅವಕಾಶ ಕೊಡುವಂತಿದ್ದರೆ, ವಿದ್ಯಾರ್ಥಿಯೊಬ್ಬನನ್ನು ಹವಾನಿಯಂತ್ರಿತ ಬೋಗಿಯಲ್ಲಿ ಥರ್ಮೋಕೋಲ್ ಪೆಟ್ಟಿಗೆ ಕೊಟ್ಟು ಕಳುಹಿಸುವುದೇ ಮೇಲು. ಫ್ಲಾಸ್ಕಿಗೆ ನೇರವಾಗಿ ಮಂಜುಗಡ್ಡೆ ತಾಗಿಸಬಾರದು. ಬಂದ ಫ್ಲಾಸ್ಕಿನ ಮಾಧ್ಯಮವನ್ನು ಚೆಲ್ಲುವುದೂ ಬೇಡ. ಲ್ಯುಕೇಮಿಯಾ ಕೋಶಗಳು ತಳಕ್ಕೆ ಅಂಟುವುದಿಲ್ಲ, ತೇಲುತ್ತಿರುತ್ತವೆ. ಮಾಧ್ಯಮ ಚೆಲ್ಲಿದರೆ ಕೋಶಗಳನ್ನೇ ಚೆಲ್ಲಿದಂತೆ.

ಕೊಠಡಿ ತಂಪಾಗಿರದಿದ್ದರೆ ಇನ್‌ಕ್ಯುಬೇಟರ್ ಸುಳ್ಳು ಹೇಳುತ್ತದೆ

ಸಾಮಾನ್ಯ ಇನ್‌ಕ್ಯುಬೇಟರಿನಲ್ಲಿ ಹೀಟರ್ ಇರುತ್ತದೆ, ತಂಪು ಮಾಡುವ ಯಂತ್ರ ಇರುವುದಿಲ್ಲ. ಕೊಠಡಿ ಅದಕ್ಕಿಂತ ಕನಿಷ್ಠ 5 ಡಿಗ್ರಿ ತಂಪಾಗಿದ್ದರೆ ಮಾತ್ರ ಒಳಗೆ 37 ಡಿಗ್ರಿ ಸ್ಥಿರವಾಗಿ ನಿಲ್ಲುತ್ತದೆ. ಕೊಠಡಿಯೇ 40 ಡಿಗ್ರಿ ಆದಾಗ ಹೀಟರ್ ಪೂರ್ತಿ ಆರಿದರೂ ಒಳಗೆ 40. ಮನುಷ್ಯರ ಕೋಶಗಳು 35 ಡಿಗ್ರಿಯಲ್ಲಿ ನಿಧಾನವಾಗಿ ಬೆಳೆದುಕೊಂಡಿರುತ್ತವೆ, 40ರಲ್ಲಿ ಗಂಟೆಗಳ ಲೆಕ್ಕದಲ್ಲಿ ಒತ್ತಡಕ್ಕೆ ಸಿಲುಕುತ್ತವೆ. ಸಾಯದೆ ಉಳಿದವೂ ಶಾಖ ಒತ್ತಡದ ಪ್ರೋಟೀನುಗಳನ್ನು ತಯಾರಿಸುತ್ತಾ ನಿಮ್ಮ ಫಲಿತಾಂಶವನ್ನು ತಿರುಚುತ್ತವೆ. ಹೀಗಾಗಿ ನಮ್ಮ ಕಡೆ ಎಸಿ ಇನ್‌ಕ್ಯುಬೇಟರಿನ ಅರ್ಧ ಅಂಗ. ಎರಡು ಎಸಿಗಳನ್ನು ಸರದಿಯಲ್ಲಿ ಓಡಿಸಿ, ಎರಡನ್ನೂ ಜನರೇಟರ್ ಲೈನಿಗೆ ಸೇರಿಸಿ. ಯುಪಿಎಸ್ ಮೇಲೆ ಇನ್‌ಕ್ಯುಬೇಟರನ್ನು ಮಾತ್ರ ಇಟ್ಟು ಎಸಿಯನ್ನು ಬಿಟ್ಟರೆ ಬೇಸಿಗೆಯ ಮಧ್ಯಾಹ್ನ ಪ್ರಯೋಜನವಿಲ್ಲ. ಶಕ್ತಿನಗರದಲ್ಲೂ ಕುಡತಿನಿಯಲ್ಲೂ ಶಾಖೋತ್ಪನ್ನ ಕೇಂದ್ರಗಳಿದ್ದೂ ಕರೆಂಟಿಗಾಗಿ ಇಷ್ಟೊಂದು ಬರೆಯಬೇಕಾಗಿರುವುದು ನಮ್ಮ ಹಣೆಬರಹ.

ಇನ್‌ಕ್ಯುಬೇಟರಿನ ಪರದೆಯ ಮೇಲಿನ ಅಂಕಿಯನ್ನಷ್ಟೇ ನಂಬಬೇಡಿ. ಒಳಗೆ ಒಂದು ಲೋಟ ನೀರಿಟ್ಟು ಅದರಲ್ಲಿ ಗಾಜಿನ ಥರ್ಮಾಮೀಟರ್ ಮುಳುಗಿಸಿಡಿ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ಮಧ್ಯಾಹ್ನ ಮೂರರ ಹೊತ್ತಿಗೆ, ಓದಿ ಬರೆಯಿರಿ.

ಇಂಗಾಲದ ಡೈಆಕ್ಸೈಡ್ 5 ಶೇಕಡ. ಸಿಲಿಂಡರ್ ಬರುವುದು ತಡವಾದರೆ 25 ಮಿಲಿಮೋಲಾರ್ ಹೆಪೆಸ್ (ಆಮ್ಲತೆ ಏರಿಳಿಯದಂತೆ ಕಾಯುವ ರಾಸಾಯನಿಕ) ಇರುವ ಮಾಧ್ಯಮಕ್ಕೆ ಬದಲಿಸಿ, ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿ. ಒಂದೆರಡು ದಿನ ಸಾಗುತ್ತದೆ. ತೇವಾಂಶದ ತಟ್ಟೆಗೆ ಕ್ರಿಮಿರಹಿತ ಡಿಸ್ಟಿಲ್ಡ್ ನೀರನ್ನೇ ಹಾಕಿ, ಬೋರ್‌ವೆಲ್ ನೀರಿನ ಹತ್ತಿರ ಹೋಗಬೇಡಿ.

ದೂಳಿನ ವಿಷಯ ಊರಿಂದ ಊರಿಗೆ ಬೇರೆ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ದೂಳು ಕ್ಯಾಬಿನೆಟ್ಟಿನ ಮೊದಲ ಸೋಸಕವನ್ನು ಕಟ್ಟಿಹಾಕುತ್ತದೆ. ರಾಯಚೂರಿನಲ್ಲಿ ಹತ್ತಿಯ ಸುಗ್ಗಿಯಲ್ಲಿ ಜಿನ್ನಿಂಗ್ ಮಿಲ್ಲುಗಳ ನಾರು, ಅಕ್ಕಿ ಗಿರಣಿಗಳ ಹೊಟ್ಟು ಗಾಳಿಯಲ್ಲಿರುತ್ತವೆ, ಅವುಗಳ ಜೊತೆ ಬೂಷ್ಟಿನ ಬೀಜಕಗಳೂ. ಆ ತಿಂಗಳುಗಳಲ್ಲಿ ಮೊದಲ ಸೋಸಕವನ್ನು ಪದೇ ಪದೇ ತೊಳೆಯಿರಿ, ಹೊರಗಿನ ಚಪ್ಪಲಿಗೆ ಒಳಗೆ ಪ್ರವೇಶ ಬೇಡ.

ಎಬ್ಬಿಸುವುದು, ಎಣಿಸುವುದು, ಹಂಚುವುದು

ಹೆಪ್ಪುಗಟ್ಟಿದ ವಯಲ್ ಬಂದರೆ 37 ಡಿಗ್ರಿ ನೀರಿನಲ್ಲಿ ಒಂದೆರಡು ನಿಮಿಷ ಅಲುಗಾಡಿಸಿ, ಕಾಳಿನಷ್ಟು ಮಂಜು ಉಳಿದಿರುವಾಗಲೇ ಹೊರತೆಗೆಯಿರಿ. 9 ಮಿ.ಲೀ. ಬೆಚ್ಚಗಿನ ಮಾಧ್ಯಮಕ್ಕೆ ಹನಿ ಹನಿಯಾಗಿ ಸೇರಿಸಿ, 150ರಿಂದ 200 ಜಿ ವೇಗದಲ್ಲಿ 5 ನಿಮಿಷ ತಿರುಗಿಸಿ, ಡಿಎಂಎಸ್‌ಒ (ಹೆಪ್ಪುಗಟ್ಟುವಾಗ ಕೋಶಗಳನ್ನು ಕಾಯುವ ದ್ರಾವಕ) ಇರುವ ಮೇಲಿನ ದ್ರವ ತೆಗೆದು ಹೊಸ ಮಾಧ್ಯಮದಲ್ಲಿ ಕದಡಿ. ನಮ್ಮ ಮೂರೂ ಕೋಶಗಳಿಗೆ ಆರ್‌ಪಿಎಂಐ 1640 ಮತ್ತು 10 ಶೇಕಡ ಭ್ರೂಣ ಕರುವಿನ ಸೀರಂ ಸಾಕು. ಎಚ್‌ಎಲ್-60ಗೆ ಮೊದಲ ವಾರ 20 ಶೇಕಡ ಕೊಟ್ಟರೆ ಚೇತರಿಕೆ ಬೇಗ. ಎದ್ದ ಮಾರನೆಯ ದಿನ ಅರ್ಧ ಕೋಶಗಳು ಸತ್ತಂತೆ ಕಂಡರೂ ಗಾಬರಿ ಬೇಡ, ಮೂರು ನಾಲ್ಕು ದಿನ ಕಾಯಿರಿ.

ಇವನ್ನು ಗಾಢತೆಯ ಲೆಕ್ಕದಲ್ಲಿ ಸಾಕಬೇಕು. ಒಂದು ಮಿ.ಲೀ.ಗೆ 2 ಲಕ್ಷದಿಂದ 10 ಲಕ್ಷದ ನಡುವೆ ಇರಲಿ. ತೀರಾ ತೆಳುವಾದರೆ ಬೆಳೆಯುವುದಿಲ್ಲ, ತೀರಾ ದಟ್ಟವಾದರೆ ಸಾಯುತ್ತವೆ ಅಥವಾ, ಎಚ್‌ಎಲ್-60 ವಿಷಯದಲ್ಲಿ, ತಾವಾಗಿಯೇ ಬಲಿಯಲು ಹೊರಡುತ್ತವೆ. ‘ಮಾಧ್ಯಮ ಹಳದಿಯಾದಾಗ ಬದಲಿಸಿದೆ’ ಎಂಬುದು ಲೆಕ್ಕವಲ್ಲ.

ಎಣಿಕೆಗೆ ಸತ್ತ ಕೋಶಕ್ಕೆ ಮಾತ್ರ ಹಿಡಿಯುವ ಟ್ರೈಪ್ಯಾನ್ ಬ್ಲೂ ಬಣ್ಣ ಮತ್ತು ಕೋಶಗಳನ್ನು ಸಮಪ್ರಮಾಣದಲ್ಲಿ ಬೆರೆಸಿ. ಎಣಿಕೆ ಚೇಂಬರಿನ ನಾಲ್ಕು ದೊಡ್ಡ ಚೌಕಗಳಲ್ಲಿ ಬಣ್ಣ ಹೀರದ ಕೋಶಗಳು ಒಟ್ಟು 120 ಸಿಕ್ಕವು ಎನ್ನಿ. ಚೌಕಕ್ಕೆ ಸರಾಸರಿ 30. ಬಣ್ಣ ಬೆರೆಸಿದ್ದಕ್ಕೆ 2ರಿಂದ, ಚೇಂಬರಿನ ಅಳತೆಗೆ 10,000ದಿಂದ ಗುಣಿಸಿದರೆ ಮಿ.ಲೀ.ಗೆ 6 ಲಕ್ಷ. ಹೊಸ ಫ್ಲಾಸ್ಕಿನಲ್ಲಿ 20 ಮಿ.ಲೀ. ಬೇಕು, ಮಿ.ಲೀ.ಗೆ 2 ಲಕ್ಷದಂತೆ ಎಂದರೆ ಒಟ್ಟು 40 ಲಕ್ಷ ಕೋಶ. ಆದ್ದರಿಂದ ಹಳೆಯ ಫ್ಲಾಸ್ಕಿನಿಂದ 6.7 ಮಿ.ಲೀ., ಹೊಸ ಮಾಧ್ಯಮ 13.3 ಮಿ.ಲೀ. ಜೀವಂತ ಕೋಶಗಳ ಪ್ರಮಾಣ 90 ಶೇಕಡಕ್ಕಿಂತ ಕಡಿಮೆ ಇರುವ ದಿನ ಪ್ರಯೋಗ ಆರಂಭಿಸಬೇಡಿ.

ಬಂದ ಎರಡು ಮೂರು ವಾರದೊಳಗೆ ದಾಸ್ತಾನು ಮಾಡಿ. ಒಂದು ವಯಲಿಗೆ ಸುಮಾರು 50 ಲಕ್ಷ ಕೋಶ, 90 ಶೇಕಡ ಸೀರಂ, 10 ಶೇಕಡ ಡಿಎಂಎಸ್‌ಒ. ನಿಮಿಷಕ್ಕೆ ಒಂದು ಡಿಗ್ರಿಯಂತೆ ಮೈನಸ್ 80ಕ್ಕೆ ಇಳಿಸಿ, ಮಾರನೆಯ ದಿನ ದ್ರವ ಸಾರಜನಕಕ್ಕೆ. ಮೈನಸ್ 80ರಲ್ಲೇ ವರ್ಷಗಟ್ಟಲೆ ಇಟ್ಟರೆ ಕೋಶಗಳು ನಿಧಾನವಾಗಿ ಹಾಳಾಗುತ್ತವೆ. ದ್ರವ ಸಾರಜನಕ ನಮ್ಮಲ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ: ಪಶುಪಾಲನಾ ಇಲಾಖೆಯವರು ದನಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಅದರಲ್ಲೇ ಇಡುವುದು. ಡಬ್ಬಿಯಲ್ಲಿನ ಸಾರಜನಕ ಎಷ್ಟು ದಿನಕ್ಕೆ ಇಳಿಯುತ್ತದೆ, ಅಳತೆಕೋಲು ಹೇಗೆ ಹಾಕಬೇಕು, ಸರಬರಾಜು ಯಾರದು ಎಂಬುದನ್ನು ಪಶು ಆಸ್ಪತ್ರೆಯ ಸಿಬ್ಬಂದಿಯಿಂದ ಕಲಿಯಬಹುದು.

ಕೋಶದ ಗುರುತು ಖಚಿತಪಡಿಸುವುದು

ಲ್ಯುಕೇಮಿಯಾ ಕೋಶಗಳೆಲ್ಲ ಸೂಕ್ಷ್ಮದರ್ಶಕದಡಿ ಉದುರಿಸಿದ ಸಾಸಿವೆಯಂತೆ ಒಂದೇ ರೀತಿ ಕಾಣುತ್ತವೆ. ಅದಲುಬದಲಾದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಮಾನೊಸೈಟಿಕ್ ಲ್ಯುಕೇಮಿಯಾದ್ದೆಂದು ಬಹುಕಾಲ ಬಳಸಿದ ಜೆ-111 ಕೊನೆಗೆ ಗರ್ಭಕಂಠದ ಕ್ಯಾನ್ಸರಿನ ಹೀಲಾ ಎಂದು ತಿಳಿದುಬಂತು. ಕೋಶ ಬಂದ ಕೂಡಲೇ ಮತ್ತು ಪ್ರಬಂಧ ಕಳುಹಿಸುವ ಮೊದಲು ಎಸ್‌ಟಿಆರ್ ಡಿಎನ್‌ಎ ಪರೀಕ್ಷೆ ಮಾಡಿಸಿ, ಸೆಲ್ ಲೈನ್‌ಗಳ ಗುರುತುಗಳನ್ನು ಕಾಪಿಡುವ ಸೆಲ್ಲೊಸಾರಸ್ ದತ್ತಾಂಶದೊಂದಿಗೆ ಹೋಲಿಸಿ. 80 ಶೇಕಡ ಅಥವಾ ಹೆಚ್ಚು ಹೊಂದಿದರೆ ಅದೇ ಕೋಶ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಜರ್ಕಾಟ್, ಸಿಸಿಆರ್‌ಎಫ್-ಸಿಇಎಂ ಕೋಶಗಳಲ್ಲಿ ಡಿಎನ್‌ಎ ದುರಸ್ತಿ ವ್ಯವಸ್ಥೆ ಕೆಟ್ಟಿರುವುದರಿಂದ ಅವುಗಳ ಗುರುತು ಕಾಲಕ್ರಮದಲ್ಲಿ ತುಸು ಸರಿಯುತ್ತದೆ, ನೂರಕ್ಕೆ ನೂರು ನಿರೀಕ್ಷಿಸಬೇಡಿ.

ನಡುವಿನ ತಿಂಗಳುಗಳಿಗೆ ಅಗ್ಗದ ಉಪಾಯವೊಂದಿದೆ. ನಿಮ್ಮಲ್ಲಿ ಕೆ562 ಇದ್ದರೆ ಉಳಿದೆಲ್ಲ ಫ್ಲಾಸ್ಕುಗಳಿಗೂ ಬಿಸಿಆರ್-ಎಬಿಎಲ್ ಪಿಸಿಆರ್ ಮಾಡಿ. ಎಚ್‌ಎಲ್-60ರಲ್ಲಿ ಅದರ ಗೆರೆ (ಬ್ಯಾಂಡ್) ಕಂಡರೆ ಕೆ562 ನುಗ್ಗಿದೆ ಎಂದೇ ಅರ್ಥ. ಬೇಗ ಬೆಳೆಯುವ ಕೋಶ ಒಂದೇ ಹನಿ ಸೋರಿದರೂ ಕೆಲವು ವಾರಗಳಲ್ಲಿ ಫ್ಲಾಸ್ಕನ್ನೇ ಆಕ್ರಮಿಸುತ್ತದೆ. ಹಾಗೆಯೇ ಎನ್‌ಬಿ4ರಲ್ಲಿ ಪಿಎಂಎಲ್-ಆರ್‌ಎಆರ್‌ಎ ಕಾಣಲೇಬೇಕು. ಒಂದು ಹೊತ್ತಿನಲ್ಲಿ ಕ್ಯಾಬಿನೆಟ್ ಒಳಗೆ ಒಂದೇ ಬಗೆಯ ಕೋಶ, ಪ್ರತಿ ಕೋಶಕ್ಕೂ ಪ್ರತ್ಯೇಕ ಮಾಧ್ಯಮದ ಬಾಟಲಿ.

ಮೈಕೊಪ್ಲಾಸ್ಮಾ ಎಂಬ ಅತಿಚಿಕ್ಕ ಬ್ಯಾಕ್ಟೀರಿಯಾ ಇನ್ನೊಂದು ಕಾಟ. ಅದಕ್ಕೆ ಕೋಶಗೋಡೆ ಇಲ್ಲದ ಕಾರಣ ಪೆನಿಸಿಲಿನ್ ನಾಟುವುದಿಲ್ಲ, 0.22 ಮೈಕ್ರಾನ್ ಸೋಸಕವನ್ನೂ ನುಸುಳುತ್ತದೆ, ಮಾಧ್ಯಮವನ್ನು ಕದಡುವುದೂ ಇಲ್ಲ. ತಿಂಗಳಿಗೊಮ್ಮೆ ಪಿಸಿಆರ್ ಪರೀಕ್ಷೆ ಮಾಡಿ. ಸೋಂಕು ಕಂಡರೆ ಔಷಧಿ ಹಾಕಿ ಉಳಿಸಲು ಹೆಣಗುವುದಕ್ಕಿಂತ ಫ್ಲಾಸ್ಕನ್ನು ಎಸೆದು ದಾಸ್ತಾನಿನಿಂದ ಹೊಸದು ಎಬ್ಬಿಸುವುದು ಸರಿ. ಹೊಸದಾಗಿ ಬಂದ ಕೋಶ ಪರೀಕ್ಷೆಯ ಫಲಿತಾಂಶ ಬರುವವರೆಗೆ ಬೇರೆ ಇನ್‌ಕ್ಯುಬೇಟರಿನಲ್ಲಿರಲಿ.

ಮೊದಲ ಪ್ರಯೋಗ: ತಡೆ ತೆಗೆದರೆ ಏನಾಗುತ್ತದೆ

ಲ್ಯುಕೇಮಿಯಾದ ಮೂಲದಲ್ಲಿರುವ ಒಂದು ಮುಖ್ಯ ಸಂಗತಿ ಎಂದರೆ ಎಳೆಯ ಕೋಶ ಬಲಿಯದೆ ನಿಂತುಬಿಡುವುದು. ಅದನ್ನು ಕಣ್ಣಾರೆ ನೋಡಲು ದುಬಾರಿ ಯಂತ್ರ ಬೇಡ. ಎನ್‌ಬಿ4, ಎಚ್‌ಎಲ್-60, ಕೆ562 ಮೂರನ್ನೂ ಮಿ.ಲೀ.ಗೆ 2 ಲಕ್ಷದಂತೆ ಬಿತ್ತಿ. ಪ್ರತಿಯೊಂದಕ್ಕೂ ಎರಡು ಫ್ಲಾಸ್ಕ್: ಒಂದಕ್ಕೆ ಆಲ್-ಟ್ರಾನ್ಸ್ ರೆಟಿನೋಯಿಕ್ ಆಮ್ಲ 1 ಮೈಕ್ರೊಮೋಲಾರ್, ಇನ್ನೊಂದಕ್ಕೆ ಅದನ್ನು ಕರಗಿಸಿದ ಡಿಎಂಎಸ್‌ಒ ಅಷ್ಟೇ ಪ್ರಮಾಣದಲ್ಲಿ. ಎರಡನೆಯದನ್ನು ಬಿಟ್ಟರೆ ಪ್ರಯೋಗಕ್ಕೆ ಅರ್ಥವಿಲ್ಲ, ಏಕೆಂದರೆ 1.25 ಶೇಕಡದಷ್ಟು ಡಿಎಂಎಸ್‌ಒ ಒಂದೇ ಎಚ್‌ಎಲ್-60 ಕೋಶಗಳನ್ನು ಬಲಿಯುವಂತೆ ಮಾಡುತ್ತದೆ. ನಿಮ್ಮ ಫ್ಲಾಸ್ಕಿನಲ್ಲಿ ಅದು 0.1 ಶೇಕಡ ಮೀರದಿರಲಿ. ರೆಟಿನೋಯಿಕ್ ಆಮ್ಲ ಬೆಳಕಿಗೆ ಕೆಡುತ್ತದೆ. ಹಳದಿ ಪುಡಿಯನ್ನು ಮಂದ ಬೆಳಕಿನಲ್ಲಿ ತೂಗಿ, ಕೊಳವೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಫ್ರೀಜರಿನಲ್ಲಿಡಿ.

ದಿನವೂ ಎಣಿಸಿ. ಐದನೆಯ ದಿನ ಕೋಶಗಳನ್ನು ತಿರುಗಿಸಿ, ತಳದಲ್ಲಿ ಕೂತ ಕೋಶಗಳನ್ನು ಒಂದು ಹನಿ ಸೀರಂನಲ್ಲಿ ಕದಡಿ ಗಾಜಿನ ಮೇಲೆ ಎಳೆಯಿರಿ, ಲೀಶ್‌ಮನ್ ಬಣ್ಣ ಹಾಕಿ. ಜಿಲ್ಲಾ ಆಸ್ಪತ್ರೆಯ ತಂತ್ರಜ್ಞರು ಮಲೇರಿಯಾ ನೋಡಲು ದಿನಾಲೂ ಮಾಡುವಂಥ ಕೆಲಸವೇ ಇದು. ಬಣ್ಣ ಕೂರದಿದ್ದರೆ ಅವರನ್ನು ಕೇಳಿ. ಔಷಧಿ ಇಲ್ಲದ ಎನ್‌ಬಿ4ರಲ್ಲಿ ಕೋಶ ತುಂಬುವಷ್ಟು ದೊಡ್ಡ ಗುಂಡು ನ್ಯೂಕ್ಲಿಯಸ್, ಅದರೊಳಗೆ ತಿಳಿಯಾದ ನ್ಯೂಕ್ಲಿಯೋಲಸ್‌ಗಳು, ಸುತ್ತ ನೀಲಿ ಅಂಚು. ಔಷಧಿ ಕಂಡ ಕೋಶ ಚಿಕ್ಕದಾಗಿರುತ್ತದೆ. ನ್ಯೂಕ್ಲಿಯಸ್ ಒಂದು ಬದಿಗೆ ಬಾಗಿ, ಮೂತ್ರಪಿಂಡದ ಆಕಾರಕ್ಕೆ ತಿರುಗಿ, ಕೆಲವದರಲ್ಲಿ ತುಂಡುತುಂಡಾಗಿ ಕಾಣುತ್ತದೆ, ನೀಲಿ ಮಾಸಿರುತ್ತದೆ. ಜೊತೆಗೆ ಎನ್‌ಬಿಟಿ ಪರೀಕ್ಷೆ ಮಾಡಿ: ಬಲಿತ ಕೋಶಗಳನ್ನು ಟಿಪಿಎ ಎಂಬ ರಾಸಾಯನಿಕ ಕೊಟ್ಟು ಪ್ರಚೋದಿಸಿ ಎನ್‌ಬಿಟಿ ಸೇರಿಸಿ ಅರ್ಧ ಗಂಟೆ 37 ಡಿಗ್ರಿಯಲ್ಲಿಟ್ಟರೆ ಅವುಗಳ ಒಳಗೆ ಕಡುನೀಲಿ ಕಣಗಳು ಕೂರುತ್ತವೆ. ಇನ್ನೂರು ಕೋಶಗಳಲ್ಲಿ ಎಷ್ಟು ನೀಲಿ ಎಂದು ಎಣಿಸಿ, ಯಾವ ಸ್ಲೈಡ್ ಯಾವುದೆಂದು ತಿಳಿಯದ ಇನ್ನೊಬ್ಬರಿಂದಲೂ ಎಣಿಸಿ.

ಎನ್‌ಬಿ4 ಬಲಿಯುತ್ತದೆ, ಎಚ್‌ಎಲ್-60 ಕೂಡ ಬಲಿಯುತ್ತದೆ, ಕೆ562 ಆ ದಾರಿ ಹಿಡಿಯುವುದಿಲ್ಲ. ಎನ್‌ಬಿ4ರಲ್ಲಿ ರೆಟಿನೋಯಿಕ್ ಆಮ್ಲ ಸಮ್ಮಿಳನ ಪ್ರೋಟೀನಿನ ತಡೆಯನ್ನು ಸಡಿಲಿಸಿ ಅದನ್ನೇ ನಾಶಮಾಡಿಸುತ್ತದೆ. ಸಮ್ಮಿಳನವೇ ಇಲ್ಲದ ಎಚ್‌ಎಲ್-60ರಲ್ಲಿ ಕೆಲಸ ಮಾಡುವುದು ಸಾಮಾನ್ಯ ಗ್ರಾಹಕ. ಒಂದೇ ನೋಟ, ಎರಡು ಕಾರಣ. ‘ಔಷಧಿಗೆ ಸ್ಪಂದಿಸಿತು, ಆದ್ದರಿಂದ ಸಮ್ಮಿಳನವೇ ಮೂಲ’ ಎಂದು ಬರೆಯುವವರನ್ನು ಎಚ್‌ಎಲ್-60 ಅಲ್ಲೇ ತಡೆಯುತ್ತದೆ. ಇದರ ಮುಂದಿನ ಮೆಟ್ಟಿಲು, ಸಮ್ಮಿಳನವಿಲ್ಲದ ಕೋಶಕ್ಕೆ ಅದನ್ನು ತುಂಬಿ ನೋಡುವುದು. ಯು937 ಎಂಬ ಇನ್ನೊಂದು ಸೆಲ್ ಲೈನಿಗೆ ಸತುವಿನಿಂದ ಚಾಲೂ ಆಗುವ ಪಿಎಂಎಲ್-ಆರ್‌ಎಆರ್‌ಎ ಸೇರಿಸಿ ರೂಪಿಸಿದ ಪಿಆರ್9 ಎಂಬ ಉಪಸಂತತಿ ಇದಕ್ಕೆಂದೇ 1990ರ ದಶಕದಿಂದ ಬಳಕೆಯಲ್ಲಿದೆ.

ಸೆಲ್ ಲೈನ್ ಕೈಕೊಡುವಲ್ಲಿ

ಮೊದಲ ಏಟು ಆರೋಗ್ಯವಂತ ಕೋಶದಲ್ಲಿ ಏನು ಮಾಡುತ್ತದೆ ಎಂದು ತಿಳಿಯಲು ಹೊಕ್ಕುಳಬಳ್ಳಿ ರಕ್ತದ ಸಿಡಿ34 ಕೋಶಗಳು (ರಕ್ತದ ಮೂಲಕೋಶಗಳು) ಬೇಕು. 2007ರಲ್ಲಿ ಅವಕ್ಕೆ ಕೆಎಂಟಿ2ಎ ಸಮ್ಮಿಳನವನ್ನು ಸೇರಿಸಿ ಇಲಿಗಳಲ್ಲಿ ಮಾನವ ಲ್ಯುಕೇಮಿಯಾ ಹುಟ್ಟಿಸಿ ತೋರಿಸಲಾಯಿತು. ಇಲಿಯ ಹಂತ ನಮ್ಮ ಕೈಗೆ ಎಟುಕದಿದ್ದರೂ, ಅರೆಘನ ಮಾಧ್ಯಮದಲ್ಲಿ ಎರಡು ವಾರ ಬೆಳೆಸಿ ವಸಾಹತುಗಳನ್ನು ಎಣಿಸುವ ಭಾಗ ಎಟುಕುತ್ತದೆ. ಹೆರಿಗೆ ವಾರ್ಡ್ ಇರುವ ವೈದ್ಯಕೀಯ ಕಾಲೇಜಿನಲ್ಲಿ ರಕ್ತ ಹೇಗೂ ಚೆಲ್ಲಿಹೋಗುತ್ತದಲ್ಲ ಎಂದು ಅನುಮತಿ ಇಲ್ಲದೆ ತೆಗೆಯುವಂತಿಲ್ಲ. ನೈತಿಕ ಸಮಿತಿಯ ಒಪ್ಪಿಗೆ ಬೇಕು, ತಾಯಿಯ ಲಿಖಿತ ಸಮ್ಮತಿ ಬೇಕು. ಸಮ್ಮತಿ ಪತ್ರ ಕನ್ನಡದಲ್ಲಿರಲಿ, ರಾಯಚೂರು ಮತ್ತು ಬಳ್ಳಾರಿಯಲ್ಲಿ ತೆಲುಗು, ಉರ್ದು ಪ್ರತಿಗಳೂ ಇರಲಿ. ಹೆರಿಗೆ ನೋವು ಶುರುವಾದ ಮೇಲೆ ಸಹಿ ಕೇಳಬೇಡಿ, ತಿಂಗಳ ತಪಾಸಣೆಗೆ ಬಂದಾಗಲೇ ವಿವರಿಸಿ. ಒಂದು ಬಳ್ಳಿಯ ಏಕನ್ಯೂಕ್ಲಿಯ ಕೋಶಗಳಲ್ಲಿ ಸಿಡಿ34 ಇರುವುದು ಸುಮಾರು 1 ಶೇಕಡ ಅಥವಾ ಅದಕ್ಕಿಂತ ಕಡಿಮೆ. ಹಾಗಾಗಿ ಒಂದು ಪ್ರಯೋಗಕ್ಕೆ ಹಲವು ಬಳ್ಳಿಗಳ ರಕ್ತ ಬೇಕಾಗಬಹುದು ಎಂಬುದನ್ನು ಅರ್ಜಿಯಲ್ಲೇ ಲೆಕ್ಕಹಾಕಿ ಬರೆಯಿರಿ.